ವರ್ಷಕ್ಕೊಂದು ಪದ: ಫ್ರೆಂಚರ ಖಲ್ಲಿವಲ್ಲಿ

ವರ್ಷಕ್ಕೊಂದು ಸಂಚಿಕೆ, ಸಂಚಿಕೆಗೊಂದು ಪದ. ಹೋದ ಸಲ ‘ಬಕ್ಷೀಸು’ ಎಂಬ ಪದದ ಬೆನ್ನು ಹತ್ತಿದ್ದೆವು. ಈ ಸಲ ಹುಡುಕುವ ಕೆಲಸ ನಮಗೆ ಬೀಳಲಿಲ್ಲ. ಪದವೇ ಅಮೆರಿಕದಿಂದ ವಿಡಿಯೊ ಕಾಲ್ ಮಾಡಿಕೊಂಡು ಬಂತು.

ನಮ್ಮ ಅಕ್ಕನ ಸಂಸಾರ ನಾರ್ತ್ ಕೆರೊಲಿನಾದ ಕೇರಿ ಎಂಬಲ್ಲಿದೆ. ಹೆಸರು ಕೇರಿ ಎಂದಿದ್ದರೂ ಊರು ದೊಡ್ಡದೇ. ಸಾಫ್ಟ್‌ವೇರ್ ಕೆಲಸದ ನಮ್ಮವರು ಸಾಕಷ್ಟು ಮಂದಿ ಅಲ್ಲಿದ್ದಾರೆ. ವಾಷಿಂಗ್ಟನ್ನಿನವರಿಗೆ ‘ಕಾವೇರಿ’, ಅಟ್ಲಾಂಟದವರಿಗೆ ‘ನೃಪತುಂಗ’ ಇರುವ ಹಾಗೆ ಆ ಭಾಗದ ಕನ್ನಡಿಗರಿಗೆ ‘ಸಂಪಿಗೆ’ ಎಂಬ ಕೂಟವಿದೆ. ಭಾನುವಾರ ಸಂಜೆ ದುಬೈನ ನಮ್ಮ ರೂಮಿನಲ್ಲಿ ಕುಕ್ಕರ್ ಕೂಗುವ ಹೊತ್ತಿಗೆ ಅವರಿಗೆ ಬೆಳಗಿನ ಕಾಫಿ. ಅಕ್ಕನ ಮಗಳು ಆರನೇ ಕ್ಲಾಸು. ಶಾಲೆಯ ಸ್ಪೆಲ್ಲಿಂಗ್ ಬೀ ಸ್ಪರ್ಧೆಗೆ ತಯಾರಿ ನಡೆಸಿದ್ದಳು.

ಈ ಸ್ಪರ್ಧೆಯ ಬಗ್ಗೆ ಎರಡು ಮಾತು ಹೇಳಬೇಕು. ಅಮೆರಿಕದ ರಾಷ್ಟ್ರಮಟ್ಟದ ಸ್ಪೆಲ್ಲಿಂಗ್ ಬೀ ಹಲವು ವರ್ಷ ನಡೆದದ್ದು ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನ ನ್ಯಾಷನಲ್ ಹಾರ್ಬರ್‌ನಲ್ಲಿ, ಪೊಟೊಮ್ಯಾಕ್ ನದಿಯ ದಂಡೆಯಲ್ಲಿ. ಅಲ್ಲಿ ಭಾರತೀಯ ಮೂಲದ ಮಕ್ಕಳದ್ದೇ ಮೇಲುಗೈ. 2014ರಲ್ಲಿ ಶ್ರೀರಾಮ್ ಹತ್ವಾರ್ ಜಂಟಿಯಾಗಿ ಗೆದ್ದಾಗ, 2016ರಲ್ಲಿ ತಮ್ಮ ಜೈರಾಮ್ ಹತ್ವಾರ್ ಮತ್ತೆ ಜಂಟಿಯಾಗಿ ಗೆದ್ದಾಗ, ಆ ಮನೆಹೆಸರು ಕೇಳಿಯೇ ನಮ್ಮ ಉಡುಪಿ ಕಡೆಯವರ ಕಿವಿ ನೆಟ್ಟಗಾಗಿತ್ತು. ಶ್ರೀರಾಮ್ ಜೊತೆ ಗೆದ್ದ ಅನ್ಸುನ್ ಸುಜೊ ಎಂಬ ಹುಡುಗನ ಕೊನೆಯ ಪದ ‘ಫ್ಯೂಯಟನ್’. ಅದೂ ಫ್ರೆಂಚ್ ಮೂಲದ್ದು. ಪತ್ರಿಕೆಯಲ್ಲಿ ಸುದ್ದಿಯಿಂದ ಬೇರೆಯಾಗಿ ಬರುವ ಲಘುಬರಹದ ವಿಭಾಗ ಎಂದು ಅರ್ಥ. ನೀವು ಈಗ ಓದುತ್ತಿರುವುದೂ ಅದೇ ಜಾತಿಯದ್ದು. ಇಷ್ಟು ವರ್ಷ ಬರೆದರೂ ಇದಕ್ಕೊಂದು ಹೆಸರಿದೆ ಎಂದು ನಮಗೇ ಗೊತ್ತಿರಲಿಲ್ಲ!

ಸ್ಪರ್ಧೆಯಲ್ಲಿ ಮಕ್ಕಳಿಗೆ ಕೆಲವು ಹಕ್ಕುಗಳಿವೆ. ಪದದ ಅರ್ಥ ಕೇಳಬಹುದು, ಮೂಲಭಾಷೆ ಕೇಳಬಹುದು, ವಾಕ್ಯದಲ್ಲಿ ಬಳಸಿ ತೋರಿಸಿ ಎನ್ನಬಹುದು. ‘ಫ್ರೆಂಚ್’ ಎಂದರೆ ಮಕ್ಕಳು ಜಾಗರೂಕರಾಗುತ್ತಾರಂತೆ, ಏಕೆಂದರೆ ಬರೆಯುವುದು ಒಂದು, ಹೇಳುವುದು ಇನ್ನೊಂದು. ಅಂಥದೊಂದು ಪದ ಹಿಡಿದುಕೊಂಡು ಹುಡುಗಿ ಕೇಳಿದಳು, “ಮಾವ, ಇನ್‌ಸೂಸಿಯನ್ಸ್ ಅಂದ್ರೆ ಕನ್ನಡದಲ್ಲಿ ಏನು? ಡಿಕ್ಷನರಿಯಲ್ಲಿ ‘ಕೇರ್‌ಫ್ರೀ’, ‘ಇಂಡಿಫರೆನ್ಸ್’ ಎರಡೂ ಕೊಟ್ಟಿದ್ದಾರೆ.”

ಫೋನು ಸ್ಪೀಕರಿನಲ್ಲಿತ್ತು. ರೂಮಿನಲ್ಲಿ ಇದ್ದಷ್ಟು ಜನ, ಅಷ್ಟು ಉತ್ತರ. ನಾವು ‘ನಿಶ್ಚಿಂತೆ’ ಎಂದೆವು. ಪುತ್ತೂರಿನವರು ‘ಉದಾಸೀನ’ ಎಂದರು. ಹಾವೇರಿಯವರು ಸಾರಿಗೆ ಒಗ್ಗರಣೆ ಹಾಕುತ್ತಲೇ, “ಉಡಾಫೆ ಅಂತ ಹೇಳ್ರಿ” ಎಂದರು. ಕುಂದಾಪುರದ ಶೆಟ್ಟರು ಮಂಚದ ಮೇಲೆ ಮಲಗಿದ್ದವರು ತಲೆ ಎತ್ತದೆ ಹೇಳಿದರು, “ಹ್ವಾಯ್, ಅಷ್ಟೆಲ್ಲ ಎಂತಕ್ಕೆ? ಖಲ್ಲಿವಲ್ಲಿ ಅಂಬ್ರ್ ಅಂತ ಹೇಳಿ.”

ಎಲ್ಲರೂ ನಕ್ಕೆವು. ಆಮೇಲೆ ಯೋಚಿಸಿದರೆ ಯಾರ ಉತ್ತರವೂ ಪೂರ್ತಿ ಸರಿಯಲ್ಲ, ಯಾರದೂ ಪೂರ್ತಿ ತಪ್ಪಲ್ಲ.

ಮೊದಲು ಪದದ ಹುಟ್ಟು. ಫ್ರೆಂಚಿನಲ್ಲಿ ‘ಸೂಸಿ’ ಎಂದರೆ ಚಿಂತೆ. ಅದಕ್ಕೆ ‘ಇಲ್ಲ’ ಎನ್ನುವ ‘ಇನ್’ ಸೇರಿದರೆ ಚಿಂತೆ ಇಲ್ಲದ ಸ್ಥಿತಿ. ಈ ಸೂಸಿಯ ಹಿಂದೆ ಲ್ಯಾಟಿನಿನ ಒಂದು ಪದವಿದೆ; ಅಡಿಯಿಂದ ಮುಡಿಯವರೆಗೆ ಅಲುಗಾಡಿಸು ಎಂಬ ಭಾವ ಅದರದ್ದು. ಚಿಂತೆ ಹತ್ತಿದವನನ್ನು ನೋಡಿದವರಿಗೆ ಈ ಹೋಲಿಕೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಬೇರಿನಿಂದ ‘ಸಾಲಿಸಿಟರ್’ ಎಂಬ ಪದವೂ ಬಂದಿದೆ. ಅಂದರೆ ವಕೀಲನಿಗೂ ನಿಶ್ಚಿಂತೆಗೂ ಬೇರು ಒಂದೇ. ಕೋರ್ಟು ಕಚೇರಿ ಕಂಡವರು ಇದನ್ನು ನಂಬಲಿಕ್ಕಿಲ್ಲ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲಿಷಿನವರು ಈ ಪದವನ್ನು ಫ್ರೆಂಚ್ ಬಟ್ಟೆಯಲ್ಲೇ ಮನೆಗೆ ಕರೆದುಕೊಂಡರು.

ಇದಕ್ಕೊಂದು ದಾಯಾದಿ ಪದ ಉಂಟು, ‘ನಾನ್‌ಶಲಾನ್ಸ್’. ಅದೂ ಫ್ರೆಂಚಿನದೇ. ಅದರ ಮೂಲದಲ್ಲಿರುವುದು ಲ್ಯಾಟಿನಿನ ‘ಬೆಚ್ಚಗಿರು’ ಎಂಬ ಕ್ರಿಯಾಪದ. ಡಯಟ್ ಮಾಡುವವರ ಕ್ಯಾಲೊರಿ ಕೂಡ ಅಲ್ಲಿಂದಲೇ ಬಂದದ್ದು. ನಾನ್‌ಶಲಾನ್ಸ್ ಎಂದರೆ ಬಿಸಿ ತಟ್ಟದಿರುವುದು. ಒಂದು ಪದದಲ್ಲಿ ಅಲುಗಾಟವಿಲ್ಲ, ಇನ್ನೊಂದರಲ್ಲಿ ಬಿಸಿಯಿಲ್ಲ. ಎರಡೂ ನಿಜವಾಗಿ ಒಳಗಿನ ಸ್ಥಿತಿಯೋ, ಹೊರಗಿನವರಿಗೆ ತೋರಿಸುವ ಮುಖವೋ ಎಂಬುದನ್ನು ಪದ ತಾನಾಗಿ ಹೇಳುವುದಿಲ್ಲ.

ಈಗ ನಮ್ಮ ಪದಗಳು. ‘ನಿಶ್ಚಿಂತೆ’ ನಮ್ಮಲ್ಲಿ ಸುಮ್ಮನೆ ಸಿಗುವುದಿಲ್ಲ, ಕೆಲಸ ಮುಗಿಸಿದ ಮೇಲೆ ಸಿಗುತ್ತದೆ. ಮಗಳ ಮದುವೆ ಆಯಿತು, ಸಾಲ ತೀರಿತು, ಇನ್ನು ನಿಶ್ಚಿಂತೆ ಎನ್ನುತ್ತೇವೆ. ಫ್ರೆಂಚ್ ಪದದಲ್ಲಿ ಆ ದುಡಿಮೆಯ ವಾಸನೆಯಿಲ್ಲ. ಮದುವೆಯೂ ಆಗಿಲ್ಲ, ಸಾಲವೂ ತೀರಿಲ್ಲ, ಆದರೂ ಸೀಟಿ ಹೊಡೆದುಕೊಂಡು ಹೋಗುವವನು ಅದರೊಳಗಿದ್ದಾನೆ. ‘ಉದಾಸೀನ’ ಸಂಸ್ಕೃತದಲ್ಲಿ ದೊಡ್ಡ ಮನುಷ್ಯ. ದೂರದಲ್ಲಿ, ಮೇಲೆ ಕುಳಿತವನು, ಯಾವ ಪಕ್ಷಕ್ಕೂ ಸೇರದವನು. ಗೀತೆಯಲ್ಲಿ ಅದು ಹೊಗಳಿಕೆ. ಅದೇ ಪದ ಘಟ್ಟ ಇಳಿದು ದಕ್ಷಿಣ ಕನ್ನಡಕ್ಕೆ ಬಂದು ಸೋಮಾರಿಯಾಯಿತು. “ಇವತ್ತು ಕೆಲಸಕ್ಕೆ ಹೋಗ್ಲಿಕ್ಕೆ ಉದಾಸೀನ ಆಗ್ತದೆ ಮಾರಾಯ್ರೆ” ಎಂದು ಪುತ್ತೂರಿನವರು ವಾರಕ್ಕೆರಡು ಸಲ ಹೇಳುತ್ತಾರೆ. ಅದು ವೈರಾಗ್ಯವಲ್ಲ, ನಿದ್ದೆ. ‘ಅಸಡ್ಡೆ’ ಎಂಬುದು ‘ಅಶ್ರದ್ಧೆ’ ಸವೆದು ಆದದ್ದು, ಅದರಲ್ಲಿ ಬೈಗುಳದ ಮೊನೆಯಿದೆ. ‘ಉಡಾಫೆ’ಗೆ ಎದುರಿಗೊಬ್ಬ ಬೇಕು, ಒಂಟಿಯಾಗಿ ಕೂತು ಉಡಾಫೆ ಮಾಡಲು ಬರುವುದಿಲ್ಲ. ‘ಬೇಫಿಕರ್’ ಹೆಚ್ಚು ಹತ್ತಿರದ್ದು. ಪರ್ಷಿಯನ್ ‘ಬೇ’, ಅರಬ್ಬೀ ‘ಫಿಕ್ರ್’ ಸೇರಿ ಆದ ಈ ಪದವನ್ನು ಹೈದರಾಬಾದ್ ಕರ್ನಾಟಕದವರು ತಮ್ಮದೇ ಎಂಬಂತೆ ಬಳಸುತ್ತಾರೆ. ಬೇ-ಫಿಕರ್, ಇನ್-ಸೂಸಿ: ಅಚ್ಚು ಒಂದೇ.

‘ಖಲ್ಲಿವಲ್ಲಿ’ಯನ್ನು ನಮ್ಮ ಓದುಗರಿಗೆ ವಿವರಿಸುವುದು ಮೀನಿಗೆ ಈಜು ಹೇಳಿಕೊಟ್ಟ ಹಾಗೆ. ಕೊಲ್ಲಿಯ ಅರಬ್ಬೀ ಆಡುಮಾತು, ‘ಬಿಡು, ಹೋಗಲಿ’ ಎಂದರ್ಥ. ತುಳುವಿನ ‘ಪೋವಡ್ ಬುಡ್ಲೆ’, ಉತ್ತರ ಕರ್ನಾಟಕದ ‘ಹೋಗ್ಲಿ ಬಿಡ್ರಿ’ ಎರಡಕ್ಕೂ ಸಮ. ಇಲ್ಲಿಗೆ ಬಂದ ಮೊದಲ ವಾರದಲ್ಲಿ ನಾವು ಕಲಿಯುವ ನಾಲ್ಕು ಪದಗಳಲ್ಲಿ ಅದೊಂದು. ಅದಕ್ಕೆ ಇನ್ನೊಂದು ಅರ್ಥವೂ ಇದೆ. ಅದಕ್ಕೆ ಆಮೇಲೆ ಬರುತ್ತೇವೆ.

ಅಕ್ಕನ ಮಗಳಿಗೆ ಪದ ಸಿಕ್ಕಿದ್ದು ಡಿಕ್ಷನರಿಯಲ್ಲಲ್ಲ, ರಸ್ತೆಬದಿಯಲ್ಲಿ ಎಂದು ನಂತರ ಗೊತ್ತಾಯಿತು. ಬೇಸಿಗೆ ರಜೆಯಲ್ಲಿ ಭಾವ ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ನಾರ್ತ್ ಕೆರೊಲಿನಾದ ಪೂರ್ವಕ್ಕೆ, ಸಮುದ್ರದ ಕಡೆಗೆ ಹೊರಟಿದ್ದರು. ಬರ್ಟಿ ಕೌಂಟಿಯಲ್ಲಿ ಕಶೈ ಎಂಬ ನದಿ ಅಡ್ಡ ಬರುತ್ತದೆ. ಅಲ್ಲಿ ಸೇತುವೆಯ ಬದಲು ಒಂದು ಫೆರಿ. ಎರಡೇ ಕಾರು ಹಿಡಿಸುವ ಪುಟ್ಟ ತೆಪ್ಪ. ದಡದಿಂದ ದಡಕ್ಕೆ ಕಟ್ಟಿದ ಉಕ್ಕಿನ ಹಗ್ಗವೇ ಅದರ ದಾರಿ. ರಾಜ್ಯದ ಸಾರಿಗೆ ಇಲಾಖೆ ನಡೆಸುವ ಇದಕ್ಕೆ ದುಡ್ಡಿಲ್ಲ. ಫೆರಿ ಆಚೆ ದಡದಲ್ಲಿದ್ದರೆ ಹಾರನ್ ಹೊಡೆದು ಕರೆಯಬೇಕು. ಹೆಸರು ‘ಸಾನ್ ಸೂಸಿ ಫೆರಿ’. ಸಾನ್ ಸೂಸಿ ಎಂದರೆ ‘ಚಿಂತೆಯಿಲ್ಲದ್ದು’.

ಫೋಟೊ ನೋಡಿದ ಕೂಡಲೇ ನಮಗೆ ನೆನಪಾದದ್ದು ಸಿಗಂದೂರಿನ ಲಾಂಚು. ಸಾಗರದಿಂದ ಬಂದು ಹೊಳೆಬಾಗಿಲಿನಲ್ಲಿ ಬಸ್ಸು, ಕಾರು, ಬೈಕುಗಳ ಸಾಲಿನಲ್ಲಿ ನಿಂತು, ಲಾಂಚು ಆಚೆ ದಡ ಬಿಟ್ಟಿತೇ ಎಂದು ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿದ ನೆನಪು ಎಷ್ಟು ಜನರಿಗಿಲ್ಲ? 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ನಮ್ಮಂಥ ಪ್ರವಾಸಿಗಳು ಲಾಂಚಿನ ಮೇಲೆ ಗಾಳಿಗೆ ಮುಖ ಒಡ್ಡಿ ‘ಆಹಾ, ಏನು ನೆಮ್ಮದಿ’ ಎನ್ನುತ್ತಿದ್ದೆವು. ತುಮರಿ ಕಡೆಯವರಿಗೆ ಅದು ಆಸ್ಪತ್ರೆಗೆ ಹೋಗುವ ದಾರಿ, ರಾತ್ರಿ ನಿಂತುಹೋಗುವ ದಾರಿ. ಅಸಲು ಅಲ್ಲಿ ನೀರು ನಿಂತದ್ದೇ ಲಿಂಗನಮಕ್ಕಿ ಅಣೆಕಟ್ಟಿಗಾಗಿ, ನಮ್ಮೆಲ್ಲರ ಮನೆಯ ದೀಪಕ್ಕಾಗಿ. ದಾಟಿ ಹೋಗುವವನ ಸಾನ್ ಸೂಸಿ, ದಡದಲ್ಲಿ ಇರುವವನ ಸೂಸಿ.

ಈ ಹೆಸರಿನ ತವರು ಜರ್ಮನಿ. ಪ್ರಷ್ಯದ ದೊರೆ ಎರಡನೇ ಫ್ರೆಡರಿಕ್ 1745ರಿಂದ 1747ರವರೆಗೆ ಪಾಟ್ಸ್‌ಡಾಮಿನಲ್ಲಿ ಒಂದು ಬೇಸಿಗೆ ಅರಮನೆ ಕಟ್ಟಿಸಿ, ಫ್ರೆಂಚ್ ಮೋಹದಿಂದ ಅದಕ್ಕೆ ‘ಸಾನ್ ಸೂಸಿ’ ಎಂದು ಹೆಸರಿಟ್ಟ. ಚಿಂತೆಯಿಲ್ಲದ ಮನೆ ಕಟ್ಟಿಸಿದವನೇ ಮುಂದೆ ಏಳು ವರ್ಷ ಯುದ್ಧ ಮಾಡಿದ. ಸತ್ತರೆ ಅಲ್ಲಿಯೇ, ತನ್ನ ನಾಯಿಗಳ ಪಕ್ಕದಲ್ಲಿ ಹುಗಿಯಿರಿ ಎಂದು ಬರೆದಿಟ್ಟಿದ್ದ. 1786ರಲ್ಲಿ ಸತ್ತ; ಆಸೆ ಈಡೇರಿದ್ದು 1991ರಲ್ಲಿ. ಊರಿನ ಮಣ್ಣಿಗೆ ಸೇರಲು ದೊರೆಗೇ 205 ವರ್ಷ ಹಿಡಿಯಿತು.

ದೊರೆ ಇಟ್ಟ ಹೆಸರನ್ನು ಅಮೆರಿಕದ ಸಿರಿವಂತರು ತಮ್ಮ ಮನೆಗಳಿಗೂ ಇಟ್ಟುಕೊಂಡರು. ಅಟ್ಲಾಂಟದಿಂದ 85ನೇ ಹೆದ್ದಾರಿ ಹಿಡಿದು ಈಶಾನ್ಯಕ್ಕೆ ಬಂದರೆ ಸೌತ್ ಕೆರೊಲಿನಾದ ಗ್ರೀನ್‌ವಿಲ್ ಸಿಗುತ್ತದೆ. ಅದರ ಪಕ್ಕದಲ್ಲೇ ಸಾನ್ ಸೂಸಿ ಎಂಬ ಊರಿದೆ. 1865ರಲ್ಲಿ ಆ ರಾಜ್ಯದ ತಾತ್ಕಾಲಿಕ ಗವರ್ನರ್ ಆಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಪೆರ್ರಿ ಎಂಬವರ ಮನೆಯ ಹೆಸರು ಊರಿಗೆ ಬಂದದ್ದು. ವಾಷಿಂಗ್ಟನ್ನಿನಲ್ಲಿಯೂ ಒಂದು ಸಾನ್ ಸೂಸಿ ಇತ್ತು, ವೈಟ್‌ಹೌಸಿಗೆ ಕೂಗಳತೆಯ ಫ್ರೆಂಚ್ ಹೋಟೆಲು. 1960 ಮತ್ತು 70ರ ದಶಕಗಳಲ್ಲಿ ಅಧಿಕಾರದಲ್ಲಿದ್ದವರೆಲ್ಲ ಮಧ್ಯಾಹ್ನದ ಊಟಕ್ಕೆ ಸೇರುತ್ತಿದ್ದುದು ಅಲ್ಲಿ. ವಿಯೆಟ್ನಾಂ ಯುದ್ಧದ ಕಾಲ ಅದು. ‘ಚಿಂತೆಯಿಲ್ಲ’ ಎಂಬ ಬೋರ್ಡಿನ ಕೆಳಗೆ ಕೂತು ಏನೇನು ಮಾತಾಡಿದರೋ.

ವಾಷಿಂಗ್ಟನ್ನಿನ ಮಾತು ಬಂದದ್ದಕ್ಕೆ ಹಳೆಯದೊಂದು ಕತೆ. 1803ರ ನವೆಂಬರಿನಲ್ಲಿ ಬ್ರಿಟಿಷ್ ರಾಯಭಾರಿ ಆಂಟನಿ ಮೆರ್ರಿ ಪೂರ್ತಿ ದರ್ಬಾರಿ ಪೋಷಾಕಿನಲ್ಲಿ ಅಧ್ಯಕ್ಷ ಜೆಫರ್ಸನ್ನರನ್ನು ನೋಡಲು ಹೋದರು. ಜೆಫರ್ಸನ್ ಬಂದದ್ದು ಮನೆಯ ಬಟ್ಟೆಯಲ್ಲಿ, ಹಿಮ್ಮಡಿ ಸವೆದ ಚಪ್ಪಲಿಯಲ್ಲಿ. ಮುಂದಿನ ಔತಣದಲ್ಲಿ ಯಾರು ಎಲ್ಲಿ ಕೂರಬೇಕೆಂಬ ಮರ್ಯಾದೆಯೂ ಇಲ್ಲ. ಸಿಕ್ಕಲ್ಲಿ ಕೂರಿ ಎಂದಾಯಿತು. ಅದಕ್ಕೆ ಅವರು ಕೊಟ್ಟ ಹೆಸರೂ ಫ್ರೆಂಚೇ, ‘ಪೆಲ್‌ಮೆಲ್’. ರಾಯಭಾರಿಯ ಹೆಂಡತಿಗೆ ಆದ ಸಿಟ್ಟು ಎರಡು ದೇಶಗಳ ನಡುವಿನ ಮನಸ್ತಾಪವಾಯಿತು. ಎಲ್ಲರೂ ಸಮಾನರು, ನಮಗೆ ದರ್ಬಾರು ಬೇಡ ಎಂದು ತೋರಿಸಲು ಬೇಕೆಂದೇ ಮಾಡಿದ ಅಸಡ್ಡೆ ಅದು. ಕೇಳಲು ಚೆನ್ನಾಗಿದೆ. ಆದರೆ ಆ ಚಪ್ಪಲಿಯ ಮನುಷ್ಯ ತನ್ನ ಆಯುಷ್ಯದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. ಅವನ ಮನೆಯ ಒಲೆ ಹೊತ್ತಿಸುವ, ಹೊಲ ಉಳುವ, ಲೆಕ್ಕ ತಪ್ಪಿದರೆ ಏಟು ತಿನ್ನುವ ಚಿಂತೆಯನ್ನು ಬೇರೆಯವರು ಹೊತ್ತಿದ್ದರು. ಅವರಿಗೆ ಪೆಲ್‌ಮೆಲ್ ಇರಲಿಲ್ಲ.

ಅಟ್ಲಾಂಟದ ಕತೆಯೂ ಇದಕ್ಕೆ ತಾಳೆಯಾಗುತ್ತದೆ. ಮಾರ್ಗರೆಟ್ ಮಿಚೆಲ್ ಆ ಊರಿನ ಪುಟ್ಟ ಬಾಡಿಗೆ ಮನೆಯಲ್ಲಿ ಕೂತು ಬರೆದ ‘ಗಾನ್ ವಿತ್ ದ ವಿಂಡ್’ 1936ರಲ್ಲಿ ಬಂತು, 1939ರಲ್ಲಿ ಸಿನಿಮಾ ಆಯಿತು. ನಾಯಕ ರೆಟ್ ಬಟ್ಲರ್ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ನಿನವನು. ಕೊನೆಯಲ್ಲಿ ನಾಯಕಿ ಅಳುತ್ತ ಮುಂದೆ ತನ್ನ ಗತಿ ಏನೆಂದು ಕೇಳಿದರೆ, ತನಗದರಿಂದ ಏನೂ ಆಗಬೇಕಾದ್ದಿಲ್ಲ ಎಂಬರ್ಥದ ಮಾತು ಹೇಳಿ ಹೊರಟೇ ಹೋಗುತ್ತಾನೆ. ಜಗತ್ತಿನ ಅತಿ ಪ್ರಸಿದ್ಧ ಖಲ್ಲಿವಲ್ಲಿ ಎಂದರೆ ಅದೇ ಇರಬೇಕು. ನಾಯಕಿಯೂ ಕಡಿಮೆಯಲ್ಲ, ಕಷ್ಟ ಬಂದಾಗಲೆಲ್ಲ ನಾಳೆ ಯೋಚಿಸಿದರಾಯಿತು ಎಂದು ಮುಂದೂಡುತ್ತಾಳೆ. ಇಲ್ಲಿನವರ ‘ಬುಕ್ರಾ’ ಅದು. ನಮ್ಮಲ್ಲಿ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಆಕೆ ಚಿಂತೆಗೇ ಹಾಗೆ ಬರೆದಿಟ್ಟಿದ್ದಳು.

ಇಡೀ ಕತೆಯಲ್ಲಿ ನಿಜವಾಗಿ ಚಿಂತೆ ಮಾಡುವವಳು ಮ್ಯಾಮಿ ಎಂಬ ಕರಿಯ ಕೆಲಸದಾಕೆ. ಊಟ ಆಯಿತೇ, ಬಟ್ಟೆ ಸರಿಯಿದೆಯೇ, ಮನೆಯ ಮಾನ ಉಳಿಯಿತೇ, ಎಲ್ಲ ಆಕೆಯ ತಲೆಯ ಮೇಲೆ. ಆ ಪಾತ್ರ ಮಾಡಿದವರು ಹ್ಯಾಟಿ ಮೆಕ್‌ಡೇನಿಯಲ್. 1939ರ ಡಿಸೆಂಬರ್ 15ರಂದು ಅಟ್ಲಾಂಟದ ಲೋಯ್ಸ್ ಗ್ರ್ಯಾಂಡ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ ನಡೆದಾಗ, ಬಿಳಿಯರ ಜೊತೆ ಕರಿಯರು ಕೂರುವಂತಿಲ್ಲ ಎಂಬ ಅಲ್ಲಿನ ಕಾನೂನಿನಿಂದಾಗಿ ಆಕೆ ಬರಲಾಗಲಿಲ್ಲ. ಎರಡೂವರೆ ತಿಂಗಳ ನಂತರ ಅದೇ ಪಾತ್ರಕ್ಕೆ ಆಸ್ಕರ್ ಬಂತು, ಕರಿಯರಿಗೆ ಸಂದ ಮೊದಲ ಆಸ್ಕರ್. ಆ ಸಮಾರಂಭದಲ್ಲಿಯೂ ಆಕೆಗೆ ಬೇರೆಯೇ ಮೇಜು. ಆಕೆ ನಗುತ್ತಲೇ ಬಹುಮಾನ ತೆಗೆದುಕೊಂಡರು.

ಆ ನಗು ಯಾವ ಬಗೆಯದು? ಅದಕ್ಕೆ ಉತ್ತರ ಅದೇ 85ನೇ ಹೆದ್ದಾರಿಯಲ್ಲಿ ಇನ್ನೂ ಮುಂದೆ, ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ಸಿಗುತ್ತದೆ. 1960ರ ಫೆಬ್ರವರಿ 1ರಂದು ಕಾಲೇಜಿನ ಮೊದಲ ವರ್ಷದ ನಾಲ್ವರು ಕರಿಯ ಹುಡುಗರು, ಎಝೆಲ್ ಬ್ಲೇರ್, ಡೇವಿಡ್ ರಿಚ್ಮಂಡ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್ನೀಲ್, ವುಲ್‌ವರ್ತ್ ಅಂಗಡಿಗೆ ಹೋದರು. ಟೂತ್‌ಪೇಸ್ಟಿನಂಥ ಸಣ್ಣಪುಟ್ಟ ಸಾಮಾನು ಕೊಂಡರು. ಆ ದುಡ್ಡನ್ನು ಅಂಗಡಿ ಮರುಮಾತಿಲ್ಲದೆ ತೆಗೆದುಕೊಂಡಿತು. ಆಮೇಲೆ ಬಿಳಿಯರಿಗೆ ಮಾತ್ರ ಮೀಸಲಾದ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡುವುದಿಲ್ಲ ಎಂದರು. ಸರಿ ಎಂದು ಎದ್ದು ಹೋಗಲಿಲ್ಲ, ಜಗಳವೂ ಆಡಲಿಲ್ಲ. ಅಂಗಡಿ ಮುಚ್ಚುವವರೆಗೆ ಸುಮ್ಮನೆ ಕೂತರು. ಮರುದಿನ ಹೆಚ್ಚು ಜನ ಬಂದರು, ಕೆಲವೇ ದಿನಗಳಲ್ಲಿ ನೂರಾರು. ಊರೂರಿಗೆ ಹಬ್ಬಿತು. ಕೂತವರ ತಲೆಯ ಮೇಲೆ ಸಾಸ್ ಸುರಿದರು, ಮೈಗೆ ಸಿಗರೇಟು ತಾಗಿಸಿದರು. ಅವರು ಪುಸ್ತಕ ತೆರೆದು ಓದುತ್ತ ಕೂತರು, ಏನೂ ಆಗಿಲ್ಲವೆಂಬಂತೆ.

ದೂರದಿಂದ ನೋಡಿದವರಿಗೆ ಅದು ನಾನ್‌ಶಲಾನ್ಸ್. ಬಿಸಿ ತಟ್ಟದ ಮುಖ. ಆದರೆ ಅದು ಕಲಿತು ಮಾಡಿದ್ದು. ನ್ಯಾಶ್‌ವಿಲ್ ನಗರದಲ್ಲಿ ಜೇಮ್ಸ್ ಲಾಸನ್ ಎಂಬ ಪಾದ್ರಿ ಇದಕ್ಕಾಗಿ ತರಗತಿಗಳನ್ನೇ ನಡೆಸುತ್ತಿದ್ದರು; ಕೆಲವರು ಬೈಯುವವರಾಗಿ, ನೂಕುವವರಾಗಿ ನಟಿಸುವುದು, ಉಳಿದವರು ಅಲುಗಾಡದೆ ಕೂರುವುದು. ಈ ಲಾಸನ್ ಅದಕ್ಕೂ ಮುಂಚೆ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧಿಯ ಸತ್ಯಾಗ್ರಹವನ್ನು ಹತ್ತಿರದಿಂದ ಅಭ್ಯಾಸ ಮಾಡಿ ಹೋದವರು. ಗ್ರೀನ್ಸ್‌ಬರೊದ ಕೌಂಟರ್ ಜುಲೈ 25ರಂದು ಎಲ್ಲರಿಗೂ ತೆರೆಯಿತು. ಅದರ ಒಂದು ಭಾಗ, ಕುರ್ಚಿಗಳ ಸಮೇತ, ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಅಕ್ಕನ ಮಗಳು ಅದರ ಮುಂದೆ ನಿಂತ ಫೋಟೊ ನಮ್ಮ ಫೋನಿನಲ್ಲಿದೆ. ಅಂದಹಾಗೆ ನಾರ್ತ್ ಕೆರೊಲಿನಾ ರಾಜ್ಯ 1893ರಲ್ಲಿ ಆರಿಸಿಕೊಂಡ ಧ್ಯೇಯವಾಕ್ಯದ ಅರ್ಥ ‘ತೋರುವುದಕ್ಕಿಂತ ಇರುವುದು ಮೇಲು’ ಎಂದು. ಆ ಹುಡುಗರು ತೋರಿದ್ದು ಒಂದು, ಒಳಗೆ ಇದ್ದದ್ದು ಇನ್ನೊಂದು. ನಮಗೇನೋ ಇಲ್ಲಿ ತೋರಿದ್ದೇ ಮೇಲು ಅನಿಸುತ್ತದೆ.

ಈಗ ಖಲ್ಲಿವಲ್ಲಿಯ ಎರಡನೇ ಅರ್ಥ. ಕಂಪನಿ ಬಿಟ್ಟು, ವೀಸಾ ಇಲ್ಲದೆ ಅಲ್ಲಿ ಇಲ್ಲಿ ದಿನಗೂಲಿ ಮಾಡುವವನನ್ನು ನಮ್ಮ ಜನ ‘ಖಲ್ಲಿವಲ್ಲಿ’ ಎಂದೇ ಕರೆಯುತ್ತಾರೆ. “ಅವನು ಖಲ್ಲಿವಲ್ಲಿ ಆಗಿದ್ದಾನೆ” ಎಂದರೆ ಸಾಕು, ಇಲ್ಲಿರುವವರಿಗೆ ಎಲ್ಲ ಅರ್ಥವಾಗುತ್ತದೆ. ಬಿಟ್ಟುಬಿಡು, ಹೋಗಲಿ ಎಂಬ ಮಾತು ಒಬ್ಬ ಮನುಷ್ಯನ ಹೆಸರಾಗುವುದನ್ನು ಬೇರೆ ಯಾವ ಭಾಷೆಯಲ್ಲೂ ನಾವು ಕಂಡಿಲ್ಲ. ಇದರಲ್ಲಿ ಬಿಟ್ಟವರು ಯಾರು, ಬಿಡಿಸಿಕೊಂಡವರು ಯಾರು ಎಂಬುದೇ ಸ್ಪಷ್ಟವಿಲ್ಲ.

ಅಂಥ ಒಬ್ಬರು ರಜೆಯ ದಿನ ನಮ್ಮ ರೂಮಿಗೆ ಊಟಕ್ಕೆ ಬರುತ್ತಿದ್ದರು. ಕಲಬುರಗಿ ಕಡೆಯವರು, ಟೈಲ್ಸ್ ಕೆಲಸದಲ್ಲಿ ಎತ್ತಿದ ಕೈ. ಕಂಪನಿ ಐದು ತಿಂಗಳ ಸಂಬಳ ಕೊಡಲಿಲ್ಲ. ಬೇರೆ ಕೆಲಸ ಹುಡುಕಿ ಹೊರಟಾಗ ಅಬ್ಸ್ಕಾಂಡಿಂಗ್ ಹಾಕಿದರು. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲೇ ಉಳಿಯಿತು. ಇಂಥ ಮನುಷ್ಯ ನಮ್ಮೆಲ್ಲರಿಗಿಂತ ಹೆಚ್ಚು ನಗುತ್ತಿದ್ದರು. ಸಿಐಡಿ ಚೆಕಿಂಗ್ ಇದೆಯಂತಲ್ಲ ಎಂದರೆ “ಖಲ್ಲಿವಲ್ಲಿ ಅಣ್ಣಾರ” ಎನ್ನುವುದು. ಹಲ್ಲುನೋವಿಗೆ ಕೆನ್ನೆ ಊದಿಕೊಂಡಿದ್ದರೂ ಅದೇ ಮಾತು. ಬತಾಕಾ ಇಲ್ಲದೆ ಯಾವ ಕ್ಲಿನಿಕ್ಕಿಗೆ ಹೋಗುವುದು ಎಂಬುದು ನಮಗೆ ಆಗ ಹೊಳೆಯಲಿಲ್ಲ. ನಾವು ಅವರಿಗೆ ‘ಬೇಫಿಕರ್ ರಾಜಾ’ ಎಂದು ಹೆಸರಿಟ್ಟಿದ್ದೆವು. ಎಷ್ಟು ಸುಖಿ ನೋಡಿ, ಮ್ಯಾನೇಜರಿಲ್ಲ, ಪಂಚಿಂಗಿಲ್ಲ ಎಂದು ತಮಾಷೆ ಮಾಡಿದ್ದೂ ಉಂಟು. ಅವರ ತಾಯಿ ತೀರಿಹೋದ ಸುದ್ದಿ ಬಂದ ವಾರವೂ ಊಟಕ್ಕೆ ಬಂದಿದ್ದರು. ಬಡಿಸಿದ್ದನ್ನು ತಿಂದು, ಎಲ್ಲರ ತಟ್ಟೆ ತೊಳೆದಿಟ್ಟು ಹೋದರು.

2024ರ ಸೆಪ್ಟೆಂಬರ್ 1ರಿಂದ ಯುಎಇ ಸರ್ಕಾರ ಕ್ಷಮಾದಾನ ಘೋಷಿಸಿತು. ಎರಡು ತಿಂಗಳೆಂದದ್ದು ಡಿಸೆಂಬರ್ ಕೊನೆಯವರೆಗೂ ಹೋಯಿತು. ದಂಡವಿಲ್ಲ, ಮತ್ತೆ ಬರಲು ತಡೆಯೂ ಇಲ್ಲ. ಔಟ್‌ಪಾಸ್ ಮಾಡಿಸಲು ನಮ್ಮಲ್ಲಿಬ್ಬರು ಅವರ ಜೊತೆ ಹೋದೆವು. ಅರ್ಜಿ ತುಂಬುವಾಗ ವೀಸಾ ಮುಗಿದ ತಾರೀಖು ಕೇಳಿದರು. ಅವರು ಅಂಗಿಯ ಒಳಜೇಬಿನಿಂದ ಒಂದು ಸಣ್ಣ ಡೈರಿ ತೆಗೆದರು. ಪುಟದ ತುಂಬ ಒಂದರ ಕೆಳಗೊಂದು ಅಂಕಿ. ದಿನಕ್ಕೆ 50 ದಿರ್ಹಂ ದಂಡ ಎಂದು ಯಾರೋ ಹೇಳಿದ್ದರಂತೆ. ಸುಮಾರು ಇಪ್ಪತ್ತು ತಿಂಗಳು ಪ್ರತಿ ರಾತ್ರಿ ಮಲಗುವ ಮುಂಚೆ 50 ಕೂಡಿಸಿ ಬರೆದಿದ್ದರು. ಕೊನೆಯ ಸಾಲಿನಲ್ಲಿದ್ದದ್ದು 30,000ದ ಹತ್ತಿರದ ಅಂಕಿ. ತಾಯಿ ತೀರಿದ ದಿನವೂ 50 ಕೂಡಿಸಿತ್ತು, ಪಕ್ಕದಲ್ಲಿ ‘ಅವ್ವ’ ಎಂದಷ್ಟೇ ಬರೆದಿತ್ತು.

ವಾಪಸು ಬರುವಾಗ ಮೆಟ್ರೊದಲ್ಲಿ ನಾವು ಯಾರೂ ಮಾತಾಡಲಿಲ್ಲ. ನಾವೇ ಇಟ್ಟ ಆ ಹೆಸರನ್ನು ಆಮೇಲೆ ಯಾರೂ ಬಾಯಿಗೆ ತರಲಿಲ್ಲ.

ಮುಂದಿನ ಭಾನುವಾರಗಳಲ್ಲಿ ಇದೆಲ್ಲ ಅಕ್ಕನ ಮನೆಯವರಿಗೂ ಸ್ವಲ್ಪ ಸ್ವಲ್ಪವಾಗಿ ಹೇಳಿದೆವು. ಭಾವ ಯಾವತ್ತೂ ತಣ್ಣಗಿರುವ ಮನುಷ್ಯ. ನೆರೆಯವರೆಲ್ಲ ಅವರನ್ನು ‘ಕೂಲ್’ ಎನ್ನುತ್ತಾರಂತೆ. ಡೈರಿಯ ಸಂಗತಿ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಫೋನಿನಲ್ಲಿಯೂ ಅಂಥದೊಂದು ಇದೆ ಎಂದರು. ಎಚ್‌1ಬಿ ವೀಸಾದವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಸಿಗುವುದು 60 ದಿನ, ಇಲ್ಲವಾದರೆ ಗಂಟುಮೂಟೆ. ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ವರ್ಷಕ್ಕೆ ನೂರಕ್ಕೆ ಏಳರ ಮಿತಿ, ಭಾರತದವರ ಸಾಲು ಬೆಳೆಯುತ್ತಲೇ ಇದೆ. ಪ್ರತಿ ತಿಂಗಳು ಸರ್ಕಾರ ಹೊರಡಿಸುವ ಪಟ್ಟಿಯಲ್ಲಿ ತಮ್ಮ ತಾರೀಖು ಎಷ್ಟು ಮುಂದೆ ಬಂತೆಂದು ಅವರೂ ಗುರುತು ಹಾಕಿಡುತ್ತಾರಂತೆ. ಅಕ್ಕನಿಗೂ ಅದು ಅವತ್ತೇ ಗೊತ್ತಾದದ್ದು. ನಮ್ಮದು ದಿರ್ಹಂ ಲೆಕ್ಕ, ಅವರದು ದಿನದ ಲೆಕ್ಕ.

ಊರಿನಲ್ಲಿ ಕಟ್ಟಿಸಿದ ಮನೆಗೆ ನಾವು ‘ನಿಶ್ಚಿಂತ’ ಎಂದು ಹೆಸರಿಟ್ಟಿದ್ದೇವೆ, ಗ್ರಾನೈಟಿನಲ್ಲಿ ಕೆತ್ತಿಸಿ. ವರ್ಷದಲ್ಲಿ ಹನ್ನೊಂದು ತಿಂಗಳು ಗೇಟಿಗೆ ಬೀಗ. ಸಾಲದ ಕಂತು ಇನ್ನೂ ನಾಲ್ಕು ವರ್ಷ ಇದೆ. ಕಶೈ ನದಿಯ ದಂಡೆಯವರು ಇದನ್ನು ಕೇಳಿದರೆ, ಪರವಾಗಿಲ್ಲ, ನಮ್ಮ ಕಡೆಯವರೇ ಎನ್ನುತ್ತಾರೋ ಏನೋ.

ಸ್ಪೆಲ್ಲಿಂಗ್ ಬೀ ಹತ್ತಿರ ಬಂದಾಗ ಹುಡುಗಿ ಕೊನೆಯ ಸಲ ಕೇಳಿದಳು, “ಮಾವ, ಕನ್ನಡದಲ್ಲಿ ಒಂದು ಪದ ಸಿಗ್ಲಿಲ್ಲ ಅಂದ್ರೆ ಬಿಡಿ. ಒಂದು ಸೆಂಟೆನ್ಸ್ ಆದ್ರೂ ಮಾಡಿ ಕೊಡಿ.” ನಾವು ಯೋಚಿಸಿ, ನಮ್ಮ ರೂಮಿಗೆ ಊಟಕ್ಕೆ ಬರುತ್ತಿದ್ದ ಕಲಬುರಗಿಯವರು ಇನ್‌ಸೂಸಿಯನ್ಸಿನ ಮನುಷ್ಯ ಎಂದು ಎಲ್ಲರೂ ತಿಳಿದಿದ್ದೆವು ಎಂದೆವು.

“ಆದ್ರೆ ಅವ್ರು ಡೈರಿ ಬರೀತಿದ್ರಲ್ಲ ಮಾವ?”

“ಹೌದು.”

“ಹಾಗಿದ್ರೆ ಸೆಂಟೆನ್ಸ್ ತಪ್ಪಾಯ್ತು. ಬೇರೆ ಮಾಡಿ.”

ಇನ್ನೂ ಮಾಡಿಲ್ಲ. ಪುತ್ತೂರಿನವರು ಎರಡು, ಶೆಟ್ಟರು ಒಂದು ಮಾಡಿಕೊಟ್ಟರು. ಹುಡುಗಿ ಮೂರನ್ನೂ ತಿರಸ್ಕರಿಸಿದಳು. ಓದುಗರಲ್ಲಿ ಯಾರಿಗಾದರೂ ಹೊಳೆದರೆ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ, ಕೇರಿಗೆ ನಾವು ತಲುಪಿಸುತ್ತೇವೆ.